ಜಕ್ಕಲೆ ಮತ್ತು ಎರಡು ತಲೆಯ ಗಾಳಿಮೃಗ

ಬಹಳ ಬಹಳ ಹಿಂದೆ, ಬೆಟ್ಟಸಾಲಿನ ಆಚೆ, ಸುಳಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಸನ ಕಚೇರಿಯಲ್ಲಿ ನೂರಾರು ಮಂದಿ ಕುಳಿತು ಓಲೆ ಬರೆಯುತ್ತಿದ್ದರು. ನೆಲಮಾಳಿಗೆಯಲ್ಲಿ ಎರಡು ತಲೆಯ ಮೃಗವೊಂದಿತ್ತು. ಒಂದು ಬಾಯಿ ಬಿಸಿಗಾಳಿ ಊದುತ್ತಿತ್ತು, ಇನ್ನೊಂದು ತಂಗಾಳಿ. ಪ್ರತಿಯೊಬ್ಬರ ಕಾಲ ಬಳಿ ನೆಲದಲ್ಲಿದ್ದ ಕಿಂಡಿಯಿಂದ ಆ ಗಾಳಿ ಮೇಲೆ ಬರುತ್ತಿತ್ತು.

ಮೃಗವನ್ನು ಆಳಲು ಧೂಮಕೇಶನೆಂಬ ಮಾಂತ್ರಿಕ ಗೋಡೆಗೆ ಒಂದು ಚಕ್ರ ಕೂರಿಸಿದ್ದ. ಅದರ ತುಂಬ ಯಾರಿಗೂ ಓದಲು ಬಾರದ ಅಕ್ಷರಗಳು. "ಯಾರು ಬೇಕಾದರೂ ತಿರುಗಿಸಿ. ಮೂರು ಸಲ ತಪ್ಪಿದರೆ ಮಾತ್ರ ಕಲ್ಲಾಗುತ್ತೀರಿ" ಎಂದಿದ್ದ. ಹಾಗಾಗಿ ಎಲ್ಲರೂ ನಡುಗಿದರೂ ಬೆವೆತರೂ ಅವನಿಗೇ ಕೈಮುಗಿಯುತ್ತಿದ್ದರು.

ಓಲೆ ಬರೆಯುವವರಲ್ಲಿ ಜಕ್ಕಲೆಯೂ ಒಬ್ಬಳು. ಅವಳ ಅಕ್ಕ ಚಾಗಲೆ ಮೂರು ಸಲ ತಪ್ಪಾಗಿ ಚಕ್ರ ತಿರುಗಿಸಿ, ಇನ್ನೂ ಕೆಲವರಂತೆ ಕಲ್ಲಾಗಿ ಅಲ್ಲೇ ನಿಂತಿದ್ದಳು. ಜಕ್ಕಲೆ ದಿನವೂ ಆ ಕಲ್ಲಿನ ಕೈ ಸವರಿ, ಆಮೇಲೆ ಬರೆಯಲು ಕೂರುತ್ತಿದ್ದಳು.

ಒಂದು ದಿನ ಪಕ್ಕದಲ್ಲಿ ಬರೆಯುತ್ತಿದ್ದ ಮುದುಕ ಬೊಮ್ಮರಸನ ಬೆರಳು ಚಳಿಗೆ ಸೆಟೆದು ಲೆಕ್ಕಣಿಕೆ ಕೆಳಗೆ ಬಿತ್ತು. ಜಕ್ಕಲೆಗೆ ತಡೆಯಲಾಗಲಿಲ್ಲ. ಎದ್ದು ಚಕ್ರ ತಿರುಗಿಸಿದಳು. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದಳು. ಭಗ್ಗೆಂದು ಬೆಂಕಿಯಂಥ ಗಾಳಿ ನುಗ್ಗಿ ಶಾಯಿಯೆಲ್ಲ ಒಣಗಿತು.

"ಎರಡು ಸಲ ತಪ್ಪಿದೆ. ಇನ್ನೊಂದು ಉಳಿದಿದೆ" ಎಂದ ಮಾಂತ್ರಿಕ.

ಜಕ್ಕಲೆ ಕೈ ಹಿಂದೆಗೆದಳು. ನೇರ ನೆಲಮಾಳಿಗೆಗೆ ಇಳಿದಳು.

ಮೃಗ ತಲೆಗಳೆರಡನ್ನೂ ಕಾಲ ಮೇಲಿಟ್ಟು ಮಲಗಿತ್ತು. "ನಾನು ಮೊದಲ ಸಲ ಚಕ್ರ ತಿರುಗಿಸಿದಾಗ ಯಾಕೆ ಸುಮ್ಮನಿದ್ದೆ?" ಎಂದು ಅವಳು ಕೇಳಿದಳು.

"ಸುಮ್ಮನಿರಲಿಲ್ಲ ತಾಯಿ. ಹದವಾಗಿಯೇ ಊದಿದೆ. ಉಸಿರು ಮೇಲೇರಲು ಹೊತ್ತು ಬೇಡವೇ? ಅಷ್ಟರಲ್ಲಿ ನೀನು ಮತ್ತೆ ತಿರುಗಿಸಿದೆ. ಸಾಲದೇನೋ ಎಂದು ಜೋರಾಗಿ ಊದಿದೆ."

"ನನಗೆ ಗೊತ್ತಾಗುವಂತೆ ಒಮ್ಮೆ ಹೂಂಗುಟ್ಟಬಾರದಿತ್ತೇ?"

"ನನ್ನ ದನಿ ಮೇಲೆ ಕೇಳದಂತೆ ಮಾಂತ್ರಿಕ ಕುತ್ತಿಗೆಗೆ ಕರಿದಾರ ಕಟ್ಟಿದ್ದಾನೆ."

ಜಕ್ಕಲೆ ದಾರವನ್ನು ಹಲ್ಲಿನಿಂದಲೇ ಕಡಿದಳು. "ಆ ಚಕ್ರ ಬಿಡು. ನಾವು ಹೇಗೆ ಹೇಳಿದರೆ ನಿನಗೆ ತಿಳಿಯುತ್ತದೆ?"

"ಬಿಸಿ, ತಂಪು, ಸಾಕು. ಕಿಂಡಿಯಲ್ಲಿ ಇಷ್ಟು ಹೇಳಿದರೆ ಆಯಿತು" ಎಂದಿತು ಮೃಗ.

ಅವಳು ಮೇಲೆ ಬಂದಾಗ ಬಿಸಿಗಾಳಿ ನಿಂತು ಬೊಮ್ಮರಸ ಮತ್ತೆ ಚಳಿಗೆ ಮುದುರಿದ್ದ; ಮಾಂತ್ರಿಕ ಚಕ್ರದ ಪಕ್ಕದಲ್ಲೇ ಕಾದಿದ್ದ. ಅವಳು ಅತ್ತ ನೋಡಲಿಲ್ಲ. ಬೊಮ್ಮರಸನ ಕಿಂಡಿಗೆ ಬಾಗಿ, "ಬಿಸಿ" ಎಂದಳು.

ಕೆಳಗಿನಿಂದ "ಹೂಂ" ಎಂದು ಕೇಳಿಸಿತು.

"ಏನೂ ಆಗಲಿಲ್ಲವಲ್ಲ" ಎಂದು ನಕ್ಕ ಮಾಂತ್ರಿಕ.

"ತಾಳಿ. ಅದು ಒಪ್ಪಿಕೊಂಡಿದೆ" ಎಂದಳು ಜಕ್ಕಲೆ.

ಎಲ್ಲರೂ ಕಾದರು. ಮೆಲ್ಲಗೆ ಬೊಮ್ಮರಸನ ಪಾದ ಬೆಚ್ಚಗಾಯಿತು. ಮುದುಕ ಕಣ್ಣು ಮುಚ್ಚಿ, "ಸಾಕು ಮಗಳೇ, ಸಾಕು" ಎಂದ. ಗಾಳಿ ನಿಂತಿತು.

ಆ ಗಳಿಗೆಯೇ ಚಕ್ರ ಕಳಚಿ ಬಿದ್ದು ಪುಡಿಯಾಯಿತು. ಮೃಗದ ಜೊತೆ ಮಾತಾಡುವ ಬಗೆ ಜನಕ್ಕೆ ತಿಳಿಯದಿರುವುದೇ ಧೂಮಕೇಶನ ಮಂತ್ರದ ಬಲವಾಗಿತ್ತು; ಈಗ ಆ ಮಂತ್ರ ಮುರಿಯಿತು. ಅವನು ಹೊಗೆಯಂತೆ ಕಿಟಕಿಯಿಂದ ಹೊರಟುಹೋದ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಕಲ್ಲುಗಳ ಮೇಲಿತ್ತು. ಒಂದೊಂದೇ ಕಲ್ಲಿಗೆ ಮೈಬಣ್ಣ ಬರುತ್ತಿತ್ತು.

ಚಾಗಲೆ ಕಣ್ಣು ಬಿಟ್ಟು ಮುಖ ಒರೆಸಿಕೊಂಡಳು. "ಇಲ್ಲಿ ಯಾಕೆ ಇಷ್ಟು ಸೆಕೆ?"

ಜಕ್ಕಲೆ ಅಳುತ್ತಲೇ ನಕ್ಕು ಅಕ್ಕನನ್ನು ಕಿಂಡಿಯ ಬಳಿ ಕೂರಿಸಿದಳು. "ನೀನೇ ಹೇಳಿ ನೋಡು."

"ತಂಪು" ಎಂದಳು ಚಾಗಲೆ, ಅಂಜುತ್ತ.

"ಹೂಂ" ಎಂದಿತು ಮೃಗ.

ಅಂದಿನಿಂದ ಚಳಿಯಾದವರು ಬೆಚ್ಚಗೆ, ಸೆಕೆಯಾದವರು ತಣ್ಣಗೆ, ಮೃಗವೂ ನೆಮ್ಮದಿಯಾಗಿ, ಸುಳಿಗಿರಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು.