ಟೊಮ್ಯಾಟೊ ಕುಂಡಗಳ ಮನೆಯಲ್ಲಿ ವಿಷಪ್ರಯೋಗ

"ಸಾರ್, ನಮ್ಮ ಜೂಲಿಗೆ ವಿಷ ಹಾಕಿದಾರೆ. ಆ ಮೋಹನ್ ಕುಮಾರೇ, ಬೇರೆ ಯಾರೂ ಅಲ್ಲ!"

ಪಕ್ಕದ ಮನೆಯ ವೆಂಕಟಗಿರಿ ಬಾಗಿಲಲ್ಲಿ ನಿಂತಿದ್ದರು. ನೀಲಗಂಗಮ್ಮ ಗಂಡನ ಮುಖ ನೋಡಿದರು. ರುದ್ರಮುನಿ ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಅತ್ತಿಗುಪ್ಪೆಯ ಆ ಬೀದಿಗೆ ಅವರೇ ಪತ್ತೇದಾರರು. ಅವರು ಚಪ್ಪಲಿ ಮೆಟ್ಟಿದರೆ ನೀಲಗಂಗಮ್ಮನೂ ಹೊರಟರೆಂದೇ ಅರ್ಥ.

ಜೂಲಿ ವೆಂಕಟಗಿರಿಯವರ ನಾಯಿ. ಬೆಳಗ್ಗೆಯಿಂದ ವಾಂತಿ, ಭೇದಿಯಾಗಿ ಈಗ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿತ್ತು. ಹೊಟ್ಟೆಗೆ ಏನು ಹೋಗಿದೆ ಎಂದು ಬೇಗ ತಿಳಿಸಿ ಎಂದಿದ್ದರು ಡಾಕ್ಟರು. ಅವರ ಮನೆಯ ಮಹಡಿಯ ಬಾಡಿಗೆದಾರ ಮೋಹನ್ ಕುಮಾರ್, ನಾಯಿ ಬೊಗಳುತ್ತದೆಂದು ಜಗಳವಾಡಿದ್ದ. ನಿನ್ನೆ ಅವನು ಅದಕ್ಕೆ ಬಿಸ್ಕತ್ತು ಹಾಕಿದ್ದನ್ನು ವೆಂಕಟಗಿರಿ ಕಂಡಿದ್ದರು. ಮನೆ ಖಾಲಿ ಮಾಡು ಎಂದು ಆಗಲೇ ಕೂಗಾಡಿಯೂ ಆಗಿತ್ತು.

ಜೂಲಿ ಮಲಗುತ್ತಿದ್ದ ತಾರಸಿಗೆ ರುದ್ರಮುನಿ ಹತ್ತಿದರು. ಮೆಟ್ಟಿಲ ಮೇಲಿನ ವಾಂತಿಯಲ್ಲಿ ಕೆಮ್ಮಣ್ಣು, ಕಂದು ಬಣ್ಣದ ಸಿಪ್ಪೆಯ ಚೂರುಗಳು ಕಂಡವು. ಸಾಲಾಗಿದ್ದ ಟೊಮ್ಯಾಟೊ ಕುಂಡಗಳಲ್ಲಿ ಒಂದರ ಗಿಡ ವಾಲಿ, ಬೇರು ಹೊರಗೆ ಬಂದಿತ್ತು.

ನೀಲಗಂಗಮ್ಮ ಬಗ್ಗಿ ಮೂಸಿದರು. "ರೀ, ಎಣ್ಣೆ ಗಾಣದ ವಾಸನೆ ಬರ್ತಿದೆ ಇಲ್ಲಿ."

ರುದ್ರಮುನಿ ಮೋಹನನನ್ನೂ ಅಲ್ಲಿಗೇ ಕರೆಸಿದರು. "ಬಿಸ್ಕತ್ತು ಯಾಕೆ ಹಾಕಿದ್ರಿ?"

"ರಾಜಿ ಮಾಡ್ಕೊಳ್ಳೋಣ ಅಂತ ಸಾರ್. ಉಳಿದಿದ್ದು ನಾನೇ ತಿಂದೆ."

"ಹಾಗಾದ್ರೆ ವಿಷ ಬಿಸ್ಕತ್ತಿನಲ್ಲಿರಲಿಲ್ಲ. ವಾಂತಿಯಲ್ಲಿ ಮಣ್ಣಿದೆ, ಅಂದ್ರೆ ಜೂಲಿ ಈ ಕುಂಡ ಕೆದಕಿದೆ. ಬರೀ ಮಣ್ಣಿಗೆ ಅದು ಬಾಯಿ ಹಾಕಲ್ಲ. ವೆಂಕಟಗಿರಿ, ಗಿಡಕ್ಕೆ ಏನು ಗೊಬ್ಬರ ಹಾಕಿದ್ರಿ?"

"ನಿನ್ನೆ ಸಂಜೆ... ಹರಳು ಹಿಂಡಿ, ಹರಳೆಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಅದು. ಹೂ ಬಿಟ್ಟಿದ್ವು, ಕಾಯಿ ಚೆನ್ನಾಗಿ ಕಚ್ಚಲಿ ಅಂತ. ಅದು ಗೊಬ್ಬರ ತಾನೇ ಸಾರ್?"

"ಗಿಡಕ್ಕೆ ಗೊಬ್ಬರ, ನಾಯಿಗೆ ವಿಷ. ಎಣ್ಣೆ ತೆಗೆದ್ರೂ ಹರಳಿನ ವಿಷ ಹಿಂಡಿಯಲ್ಲಿ ಉಳೀಬಹುದು. ಆ ವಾಸನೆ ನಾಯಿಗಳಿಗೆ ಬಲು ಇಷ್ಟ. ಸಿಪ್ಪೆಯ ಚೂರು ಅದರದ್ದೇ."

ವೆಂಕಟಗಿರಿ ಅಲ್ಲೇ ಕುಸಿದು ಕೂತರು. "ನನ್ನ ಕೈಯಾರೆ..."

ನೀಲಗಂಗಮ್ಮ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿ ಹಿಂಡಿಯ ವಿಷಯ ಹೇಳಿದ್ದರು. ಆ ಕಡೆಯ ಮಾತು ಕೇಳುತ್ತ ಕೇಳುತ್ತ ಅವರ ಬಿಗಿದ ಭುಜ ಸಡಿಲವಾಯಿತು. "ವಾಂತಿಯಾಗಿದ್ದೇ ಒಳ್ಳೇದಾಯ್ತಂತೆ. ಎರಡು ದಿನ ಅಲ್ಲೇ ಇಟ್ಕೊಂಡು ನೋಡ್ತಾರಂತೆ. ಈಗ ತಲೆ ಎತ್ತಿ ನೀರು ಕುಡೀತಿದೆಯಂತೆ ಕಣ್ರೀ!"

ವೆಂಕಟಗಿರಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. "ತಪ್ಪಾಯ್ತು ಮೋಹನ್..."

ಮೋಹನ್ ಅವರ ರಟ್ಟೆ ಹಿಡಿದು ಎಬ್ಬಿಸಿದ. "ಏಳಿ ಸಾರ್, ಕಾರ್ ತೆಗೀತೀನಿ. ನಿಮ್ಮ ಮುಖ ನೋಡಿದ್ರೆ ಅದು ಇನ್ನೂ ಬೇಗ ಎದ್ದು ಕೂರುತ್ತೆ."