ಮಂಜು ಹಿಡಿದ ಬಾಗಿಲು

ಹಲೀಮಳ ವಿಸಿಟ್ ವೀಸಾ ಮುಗಿಯಲು ಎರಡು ದಿನ ಉಳಿದಿತ್ತು. ಮಂಗಳೂರಿನ ಟಿಕೆಟ್ಟನ್ನು ಗಂಡ ಅಬ್ದುಲ್ ರವೂಫ್ ತಂದು, ಏನೂ ಹೇಳದೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದ. ಅವಳೂ ಏನೂ ಕೇಳಲಿಲ್ಲ. "ಹೋಗುವ ಮೊದಲು ಜಬಲ್ ಜೈಸ್ ಬೆಟ್ಟದ ಮಂಜು ಒಮ್ಮೆ ತೋರಿಸ್ತೀರಾ?" ಎಂದಳು, ಅಷ್ಟೆ.

ಇಬ್ಬರಿಗೂ ಅದು ಎರಡನೆಯ ನಿಕಾಹ್. ಅವಳ ಮೊದಲ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮೊದಲ ಹೆಂಡತಿ ರಶೀದ ಹೋಗಿ ಮೂರು ವರ್ಷ. ರಶೀದಳ ಕೊನೆಯ ಉಸಿರು ನಿಂತಾಗ ರವೂಫ್ ಆಸ್ಪತ್ರೆಯ ಕೆಳಗೆ ಪಾರ್ಕಿಂಗ್ ಹುಡುಕುತ್ತಿದ್ದ. ಆ ಸಂಕಟವನ್ನು ಅವನು ಯಾರಿಗೂ ಹೇಳಿರಲಿಲ್ಲ. ದುಬೈಯ ನೈಫ್‌ನ ಫ್ಲಾಟಿನಲ್ಲಿ ಹೊಸ ಹೆಂಡತಿಗೆ ಕೋಣೆ ಬಿಟ್ಟುಕೊಟ್ಟು, ತಾನು ಹಾಲ್‌ನ ಸೋಫಾದಲ್ಲಿ ಮಲಗುತ್ತಿದ್ದ. ಎರಡು ತಿಂಗಳು ಹಾಗೆಯೇ ಕಳೆದಿತ್ತು.

ಬೆಟ್ಟ ಮುಟ್ಟುವಾಗ ನಸುಕಿನ ಫಜ್ರ್ ನಮಾಝಿನ ಹೊತ್ತು. ಬಂಡೆಗಳ ಸಂದಿಯಲ್ಲಿ ತೆಳುವಾಗಿ ಬಿಳಿ ಮಂಜು ಕಟ್ಟಿತ್ತು. ಅವನ ಜಾಕೆಟ್ ಹಾಕಿಕೊಂಡಿದ್ದ ಹಲೀಮ ತೋಳಿನೊಳಗೆ ಬೆರಳು ಎಳೆದುಕೊಂಡಳು.

"ಅಲ್ಲಾಹ್, ಎಂತ ಚಳಿ! ನಿಮ್ಮ ಮೀನಿನ ಫ್ರೀಝರ್ ವ್ಯಾನಿನಲ್ಲೂ ಹೀಗೆಯಾ?"

"ಅಲ್ಲಿ ಮೀನುಗಳು ದೂರು ಹೇಳುವುದಿಲ್ಲ."

ಅವಳು ಕಣ್ಣರಳಿಸಿ ಅವನನ್ನೇ ನೋಡಿದಳು. "ಮಾತಾಡ್ಲಿಕ್ಕೆ ಬರ್ತದಲ್ಲ ನಿಮಗೆ! ಎರಡು ತಿಂಗಳಿಂದ ಎಲ್ಲಿ ಇಟ್ಟಿದ್ರಿ?"

ಅವನು ಬಾಟಲಿಯಿಂದ ಅವಳ ಕೈಗೆ ನೀರು ಬಿಟ್ಟ. ಕಾರಿನ ಪಕ್ಕದಲ್ಲೇ ಇಬ್ಬರೂ ಕೈಕಾಲು ಮುಖ ತೊಳೆದು ವುಝೂ ಮಾಡಿದರು. ಉಳಿದ ನೀರನ್ನು ಅವನು ದಾರಿಯ ಧೂಳು ಕೂತಿದ್ದ ಬಾಗಿಲಿಗೂ ಬೀಗಕ್ಕೂ ಸುರಿದ. ದುಬೈಯಲ್ಲಿ ದಿನಾ ಮಾಡುವ ಕೆಲಸ ಅದು. ಅಲ್ಲಿ ಎರಡು ನಿಮಿಷಕ್ಕೆ ಒಣಗಿಹೋಗುತ್ತದೆ. ಕಾರಿಗೆ ಬೀಗ ಹಾಕಿ, ಚಾಪೆ ಹಾಸಿದ.

ನಮಾಝ್ ಮುಗಿಸಿ ಸಲಾಂ ಹೇಳುವಾಗ ಅವಳ ಉಸಿರು ಸಿಳ್ಳೆ ಹಾಕುತ್ತಿತ್ತು.

"ಪಂಪ್," ಎಂದಳು. "ಬ್ಯಾಗಿನಲ್ಲಿ."

ಉಬ್ಬಸದ ಪಂಪ್ ಇದ್ದ ಬ್ಯಾಗ್ ಕಾರಿನೊಳಗೆ. ಸುರಿದ ನೀರು ಬೀಗದೊಳಗೆ ಹೆಪ್ಪುಗಟ್ಟಿ, ಕೀಲಿ ಅರ್ಧ ಹೋಗಿ ನಿಂತಿತು. ಹಳೆಯ ಕಾರು, ರಿಮೋಟ್ ಕೆಟ್ಟು ವರ್ಷವಾಗಿತ್ತು, ಕೀಲಿ ಹಾಕುವ ಬಾಗಿಲು ಇದ್ದದ್ದು ಅದೊಂದೇ. ಅವನು ಒತ್ತಿದ, ತಿರುಚಿದ. ಹದಿನೆಂಟು ವರ್ಷ ಫ್ರೀಝರ್ ವ್ಯಾನ್ ಓಡಿಸಿದ ಕೈ ತನಗೆ ಗೊತ್ತಿದ್ದುದನ್ನೆಲ್ಲ ಮರೆತುಬಿಟ್ಟಿತ್ತು.

ಆಚೆ ಟೆಂಟಿನಿಂದ ಒಬ್ಬರು ಕೆಟಲ್ ಹಿಡಿದು ಓಡಿ ಬಂದರು. "ಎಂತಾಯ್ತು ಭಾಯ್? ಊರಿನವರಾ? ನಾನು ಕಾನ್ರಾಡ್, ಮಂಗಳೂರು ಕುಲಶೇಖರದವ. ಬಿಸಿನೀರು ಉಂಟು, ಹಾಕುವನಾ?"

ಆ ಮಾತು ಕೇಳಿ ರವೂಫನಿಗೆ ಎಚ್ಚರವಾಯಿತು. "ಬೇಡ, ಬೇಡ! ಒಳಗೆ ಇಳಿದು ಮತ್ತೆ ಗಟ್ಟಿಯಾಗ್ತದೆ. ಲೈಟರ್ ಉಂಟಾ?"

"ನನ್ನ ಟೆಂಟಿನಲ್ಲಿ ಉಂಟು, ಬನ್ನಿ."

ಅವನು ಒಂದು ಹೆಜ್ಜೆ ಇಟ್ಟ. ಹಲೀಮ ಅವನ ಅಂಗಿಯ ಚುಂಗು ಹಿಡಿದಳು. ಅವಳ ತುಟಿ ನೀಲಿಗಟ್ಟಿತ್ತು.

"ನಾನು ಇವಳನ್ನು ಬಿಟ್ಟು ಬರುವುದಿಲ್ಲ," ಎಂದ ರವೂಫ್. "ನೀವೇ ತನ್ನಿ. ದಮ್ಮಯ್ಯ."

ಕಾನ್ರಾಡ್ ತಂದ ಲೈಟರಿನಲ್ಲಿ ಅವನು ಕೀಲಿಯನ್ನು ಕಾಯಿಸಿ ತೂರಿಸಿದ, ತೆಗೆದ, ಮತ್ತೆ ಕಾಯಿಸಿದ. ಬೆರಳು ಸುಟ್ಟದ್ದು ತಿಳಿಯಲಿಲ್ಲ. ಪ್ರತಿ ಸಲವೂ ಅಲ್ಲಾಹನ ಹೆಸರು, ಅದರ ಬೆನ್ನಿಗೆ "ಹಲೀಮ, ಹಲೀಮ". ಮದುವೆಯಾದ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನಾಲ್ಕನೆಯ ಸಲಕ್ಕೆ ಬೀಗ ತಿರುಗಿತು. ಬಾಗಿಲನ್ನು ಎಳೆಯದೆ, ಮೊದಲು ಭುಜ ಕೊಟ್ಟು ಒಳಕ್ಕೆ ನೂಕಿದ. ರಬ್ಬರಿಗೆ ಅಂಟಿದ್ದ ಮಂಜು ಚಟಚಟನೆ ಬಿರಿಯಿತು.

ಪಂಪ್ ಎರಡು ಸಲ ಒತ್ತಿದ ಮೇಲೂ ತುಂಬ ಹೊತ್ತು ಅವನು ಅವಳ ಬೆನ್ನಿನಿಂದ ಕೈ ತೆಗೆಯಲಿಲ್ಲ. ಕಾನ್ರಾಡ್ ಮೆಲ್ಲಗೆ ಟೆಂಟಿಗೆ ಹೋದರು.

"ನನ್ನನ್ನು ಕಳಿಸುವುದಕ್ಕೆ ಅಷ್ಟು ಅವಸರ ಇದ್ದವರು ಯಾಕೆ ಅಳ್ತೀರಿ?" ಎಂದಳು, ಉಸಿರು ಕೂಡಿಬಂದಾಗ.

"ನಾನು ಕಳಿಸಿದ್ದಾ? ಮನೆ ನೆನಪಾಗ್ತದೆ ಅಂತ ನೀನೇ ಹೇಳಿದ್ದಲ್ಲವಾ?"

"ನೆನಪಾಗ್ತದೆ ಅಂದೆ. ಟಿಕೆಟ್ ತನ್ನಿ ಅಂದೆನಾ?"

ಅವನು ಸುಟ್ಟ ಬೆರಳನ್ನೇ ನೋಡುತ್ತ ರಶೀದಳ ಕೊನೆಯ ದಿನವನ್ನು, ಆ ಪಾರ್ಕಿಂಗನ್ನು, ಮೊದಲಿನಿಂದ ಹೇಳಿದ. "ಇನ್ನೊಬ್ಬರ ಉಸಿರಿಗೆ ಕಿವಿಗೊಟ್ಟು ಬದುಕುವ ಧೈರ್ಯ ನನಗಿರಲಿಲ್ಲ ಹಲೀಮ. ನೀನು ಕೆಮ್ಮಿದಾಗಲೆಲ್ಲ ಕೋಣೆಯ ಹೊರಗೆ ಬಂದು ನಿಲ್ತಿದ್ದೆ."

"ಗೊತ್ತು. ಬಾಗಿಲಿನ ಅಡಿಯಲ್ಲಿ ನಿಮ್ಮ ಕಾಲಿನ ನೆರಳು ಕಾಣ್ತಿತ್ತು."

"ಮತ್ತೆ ಕರೆಯಲಿಲ್ಲ ಯಾಕೆ?"

"ಕರೆದೆನಲ್ಲ," ಎಂದಳು, ನೆಲ ನೋಡುತ್ತ. "ಎಷ್ಟೋ ಸಲ ಬೇಕಂತಲೇ ಕೆಮ್ಮಿದ್ದು."

ಅವನಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ಅಳುವಾಯಿತು. ಅವಳು ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ನಾಳೆಯೇ ಟೈಪಿಂಗ್ ಸೆಂಟರಿಗೆ ಹೋಗಿ ನಿನ್ನ ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕ್ತೇನೆ," ಎಂದ. "ಇರ್ತೀಯಾ?"

"ಇವತ್ತು ರಾತ್ರಿ ಕೆಮ್ಮುವುದಿಲ್ಲ ನಾನು. ಹೆಸರು ಹಿಡಿದೇ ಕರೀತೇನೆ. ಕೋಣೆಯೊಳಗೆ ಬರ್ತೀರಾ?"

ಎದೆಯೊಳಗಿನ ಭಯ ಇದ್ದಲ್ಲೇ ಇತ್ತು. ಸಾಯುವ ತನಕ ಅದು ಇರುತ್ತದೆಂದು ಅವನಿಗೆ ಗೊತ್ತಿತ್ತು.

"ಬರ್ತೇನೆ," ಎಂದ.