ಕುಮಾಬೆ ಮನೆಯ ಕೊಕ್ಕರೆ ತ್ಸುಬಾ

"ಶಾಲೆ ಬಿಟ್ಟ ಪೋಲಿಯನ್ನ ಚಾಪೆ ಮೇಲೆ ಕೂರಿಸಿದ್ದೇ ನನ್ನ ತಪ್ಪು! ಬಿಚ್ಚೋ ಅಂಗಿ, ಎಲ್ಲಿ ಬಚ್ಚಿಟ್ಟಿದ್ದೀಯ ನೋಡೋಣ!"

ಕುಮಾಬೆ ಯಜಮಾನರು ಅತಿಥಿಗಳೆದುರೇ ಹೀಗೆ ಕಿರುಚಿದರು.

"ಬಿಚ್ಚಲ್ಲ. ಪೊಲೀಸರನ್ನೇ ಕರೀರಿ," ಎಂದೆ.

ನಮ್ಮ ಕುಮಾಮೊಟೊ ಊರಲ್ಲಿ ಕಳ್ಳನೆಂಬ ಹೆಸರು ಒಮ್ಮೆ ಅಂಟಿದರೆ ಯಾವ ಗರಾಜಿನವನೂ ನನಗೆ ಕೆಲಸ ಕೊಡುವುದಿಲ್ಲ. ಅದು ಗೊತ್ತಿದ್ದೂ ಕೈಕಟ್ಟಿ ನಿಂತೆ.

ಅಂದು ಆ ಮನೆಯಲ್ಲಿ ತ್ಸುಬಾ ನೋಡುವ ಕೂಟ. ತ್ಸುಬಾ ಎಂದರೆ ಕತ್ತಿಯ ಹಿಡಿಗೂ ಅಲಗಿಗೂ ನಡುವಿನ ಕಬ್ಬಿಣದ ಬಿಲ್ಲೆ, ಕೈಗೆ ಕಾಪು. ಆ ಮನೆಯ ಹಳೆಯ ತ್ಸುಬಾದಲ್ಲಿ ರೆಕ್ಕೆ ಬಿಚ್ಚಿದ ಕೊಕ್ಕರೆಯನ್ನು ಕೊರೆದಿದ್ದರು. ಉಗ್ರಾಣದಿಂದ ತೆರೆದ ಪೆಟ್ಟಿಗೆಯಲ್ಲಿ ಅದನ್ನು ತಂದವನು ನಾನು. "ಬಾಯಿ ಮುಚ್ಕೊಂಡು ತಾರೋ! ಎಂಜಲು ಹಾರಿದ್ರೆ ತುಕ್ಕು ಹಿಡಿಯತ್ತೆ," ಎಂದು ಹಳೆಯ ಕತ್ತಿಗಳ ವ್ಯಾಪಾರಿ ನಾಗಮಿನೆ ಗದರಿದ್ದ. ನೋಡುವವರು ತುಟಿಯಲ್ಲಿ ಮಡಿಸಿದ ಕಾಗದ ಕಚ್ಚಿಕೊಳ್ಳುವುದೂ ಅದಕ್ಕೇ.

ಯಜಮಾನರು ನೋಡಿ ನಾಗಮಿನೆಗೆ ಕೊಟ್ಟರು. ಅವನು ನೋಡುತ್ತಾ ನೋಡುತ್ತಾ ಕಾಗದ ತೆಗೆದು, ಕೊಕ್ಕರೆಯ ಕತ್ತನ್ನು ಹೊಗಳಿ ಉದ್ದಕ್ಕೂ ಮಾತಾಡಿ, ಡಾಕ್ಟರ್ ಕುದಾಮಾತ್ಸು ಅವರಿಗೆ ದಾಟಿಸಿದ. ಡಾಕ್ಟರ ಬೆರಳಿಗೆ ಕೆಂಪು ಬಣ್ಣ ಅಂಟಿತು. ಹಳೆಯ ಕಬ್ಬಿಣ ಬಣ್ಣ ಬಿಡುವುದಿಲ್ಲ. ಇದು ನಕಲಿ! ಯಜಮಾನರು ನನ್ನ ಮೇಲೆ ಹಾರಿದ್ದು ಆಗಲೇ.

"ಯಾರೂ ಏಳ್ಬೇಡಿ," ಎಂದರು ಸಾವೊ ಅಮ್ಮ. ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾದರೂ ಊರಿನ ಗಂಟುಗಳೆಲ್ಲ ಬಿಚ್ಚುತ್ತಿದ್ದದ್ದು ಅವರ ಅಡುಗೆಮನೆಯಲ್ಲೇ. ಅವರ ಕಾರು ಓಡಿಸುವವನು ನಾನು.

"ಯಜಮಾನ್ರೇ, ಕೈ ತೋರ್ಸಿ."

"ನನ್ನ ಕೈಯಾ?"

"ನಿಮ್ಮದೇ. ನೋಡಿ, ಚೊಕ್ಕಟ. ಅಂದ್ರೆ ನೀವು ಹಿಡಿದದ್ದು ಅಸಲಿ. ನಮ್ಮ ಈ ಹುಡುಗ ತೊರಾಜಿ ತಂದುಕೊಟ್ಟದ್ದೂ ಅಸಲಿ. ಅವನು ಆಮೇಲೆ ಅದರ ಹತ್ರ ಸುಳೀಲೇ ಇಲ್ಲ."

ಸಾವೊ ಅಮ್ಮ ಪಕ್ಕಕ್ಕೆ ತಿರುಗಿದರು.

"ಈಗ ನಾಗಮಿನೆ ಅವ್ರು."

"ನಿಂಗೆ ವಯಸ್ಸಾಯ್ತು ಕಣಮ್ಮಾ," ಎಂದು ಅವನು ಕೈಯನ್ನು ನಿಲುವಂಗಿಯ ಅಗಲ ತೋಳಿನೊಳಗೆ ಸರಿಸಿದ. ಡಾಕ್ಟರು ಮಣಿಕಟ್ಟು ಹಿಡಿದು ಎಳೆದರು. ಬೆರಳ ತುದಿಗಳು ಇಟ್ಟಿಗೆಯಷ್ಟು ಕೆಂಪು.

"ನಕಲಿ ಮುಟ್ಟಿದವರಲ್ಲಿ ಇವ್ರೇ ಮೊದಲಿನವ್ರು. ಬದಲಾದದ್ದು ಇವ್ರ ಕೈಯಲ್ಲೇ," ಎಂದರು ಸಾವೊ ಅಮ್ಮ. "ಆದ್ರೆ ನಂಗೆ ಅನುಮಾನ ಬಂದದ್ದು ಅದಕ್ಕೂ ಮುಂಚೆ. ಹುಡುಗ ಬಾಯಿ ತೆರೆದ್ರೆ ಗದರೋ ಮನುಷ್ಯ, ಕಾಗದ ಕಿತ್ತು ತ್ಸುಬಾದ ಮೇಲೇ ಭಾಷಣ ಬಿಗಿದ್ರು. ಅಸಲಿಯ ಮೇಲೆ ಇವ್ರು ಉಸಿರೂ ಬಿಡ್ತಿರ್ಲಿಲ್ಲ. ಕೈಲಿರೋದು ಕಸ ಅಂತ ಗೊತ್ತಿದ್ದಕ್ಕೇ ನಾಲಿಗೆ ಸಡಿಲ ಆಯ್ತು."

ನಾಗಮಿನೆ ಇನ್ನೊಂದು ತೋಳಿನಿಂದ ಕೊಕ್ಕರೆಯನ್ನು ತೆಗೆದು ಚಾಪೆಯ ಮೇಲಿಟ್ಟ.

ಯಜಮಾನರು ಅದನ್ನು ಎದೆಗವಚಿಕೊಂಡರು. ಆಮೇಲೆ ನನ್ನತ್ತ ತಿರುಗಿ ಹಲ್ಲು ಕಿರಿದರು. "ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ ತಮ್ಮಾ. ಬಾ, ಡಾಕ್ಟರ ಪಕ್ಕ ಕೂತ್ಕೋ. ಟೀ ತರಿಸ್ತೀನಿ. ಏನಂತೀಯ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬಾಗಿಲು ಸರಿಸಿ, ಮೆಟ್ಟಿಲಿಳಿದು, ಅಂಗಳದ ಬೆಣಚುಕಲ್ಲುಗಳನ್ನು ತುಳಿಯುತ್ತಾ ಹೊರಟುಬಿಟ್ಟೆ.